ಮಣ್ಣು ಮುಟ್ಟದ ಆಟ

ಮೆಂತ್ಯ ಸೊಪ್ಪಿನ ಕಟ್ಟಿನ ಅಡಿಗೆ ವಿಡಿಯೋ ಗೇಮಿನ ಡಿಸ್ಕ್ ಇಟ್ಟುಕೊಂಡು ಹೊನ್ನಾಳಿಯ ಬಸ್ ಸ್ಟ್ಯಾಂಡ್ ದಾಟುವಾಗ ಕಲ್ಪನಾಳಿಗೆ ತಾನು ಕಳ್ಳಮಾಲು ಸಾಗಿಸುತ್ತಿದ್ದೇನೆ ಅನ್ನಿಸಿ ಒಳಗೊಳಗೇ ನಗು ಬಂತು. ಕದ್ದದ್ದೇನೂ ಅಲ್ಲ. ಸುಹೈಲನ ಮೊಬೈಲ್ ಅಂಗಡಿಯಲ್ಲಿ ಹಳೆಯ ಆಟ ಕೊಟ್ಟು ಅದರ ಎರಡನೆಯ ಭಾಗವನ್ನು ಬದಲಿಗೆ ಪಡೆದದ್ದು. ‘ಥಂಡರ್ ಪಿಟ್ ಟೂ’. ಆದರೆ ಸುಹೈಲ್ “ಮಗಳಿಗಾ ಅಕ್ಕಾ?” ಅಂತ ಕೇಳಿದಾಗ ನೇರವಾಗಿ ಹೇಳಲು ಏನು ಧಾಡಿಯಾಗಿತ್ತು? “ಹ್ಞೂಂ, ಅವಳಿಗೇ” ಅಂದುಬಿಟ್ಟಿದ್ದಳು. ಮಗಳು ರಮ್ಯಶ್ರೀ ದಾವಣಗೆರೆಯ ಹಾಸ್ಟೆಲ್ಲಿನಲ್ಲಿ ಪಿಯುಸಿ ಓದುತ್ತಿರುವುದು, ದಸರಾಕ್ಕೆ ಮುಂಚೆ ಊರಿಗೆ ಬರುವುದಿಲ್ಲ ಎನ್ನುವುದು ಸುಹೈಲನಿಗೆ ಚೆನ್ನಾಗಿ ಗೊತ್ತು. ಅವಳ ಫೋನಿಗೆ ರೀಚಾರ್ಜ್ ಮಾಡಿಸುವುದು ಇದೇ ಅಂಗಡಿಯಲ್ಲಿ. ಗೊತ್ತಿದ್ದೂ ಅವನು ಕೇಳಿದ, ಅವನಿಗೆ ಗೊತ್ತೆಂದು ಗೊತ್ತಿದ್ದೂ ಇವಳು ಸುಳ್ಳು ಹೇಳಿದಳು. ಮೂವತ್ತೊಂಬತ್ತು ವರ್ಷದ ಹೆಂಗಸು, ಪಂಪ್‌ಸೆಟ್ ರಿಪೇರಿಯ ಪ್ರವೀಣ್ ಕುಮಾರನ ಹೆಂಡತಿ, ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು, ದಿನಾ ಮಧ್ಯಾಹ್ನ ಊಟವಾದ ಮೇಲೆ ಟಿವಿ ಮುಂದೆ ಕೂತು ತನ್ನ ಅತ್ತೆಯ ಜೊತೆ ಹೊಡೆದಾಡುತ್ತಾಳೆ ಅಂತ ಹೇಗೆ ಹೇಳುವುದು? ಸೆರಗು ಸರಿಮಾಡಿಕೊಂಡು, ಯಾರೂ ಕೇಳದಿದ್ದರೂ ಒಮ್ಮೆ ಸೊಪ್ಪಿನ ಕಟ್ಟನ್ನು ಮೇಲೆತ್ತಿ ಮೂಸಿ ನೋಡಿ, ಮನೆಯ ಕಡೆ ಬಿರಬಿರನೆ ನಡೆದಳು.

ಆ ಗೇಮಿನ ಮಷಿನ್ ಮನೆಗೆ ಬಂದದ್ದು ಲಾಕ್‌ಡೌನ್ ಕಾಲದಲ್ಲಿ, ಮಗಳು ಗೋಳು ಹೊಯ್ದುಕೊಂಡಳು ಅಂತ. ಮಗಳಿಗೆ ಬೇಗ ಬೇಜಾರಾಯಿತು. ಒಂದು ಮಧ್ಯಾಹ್ನ ಕಲ್ಪನಾ ಸುಮ್ಮನೆ ಗುಂಡಿ ಒತ್ತುತ್ತ ಕೂತಿದ್ದಾಗ ಅತ್ತೆ ದ್ಯಾಮಮ್ಮ ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು ಟಿವಿಯನ್ನೇ ನೋಡಿ, “ಆ ದಪ್ಪಯ್ಯ ಕಾಲು ತಪ್ಪು ಇಟ್ಟಾನ. ಎಡಗಾಲು ಮುಂದೆ ಬರ್‍ಬೇಕು,” ಅಂದಿದ್ದಳು. ದ್ಯಾಮಮ್ಮನ ತವರು ಜಗಳೂರು. ಅಪ್ಪ ಅಲ್ಲಿ ಗರಡಿಯ ಉಸ್ತಾದ. ಕುಸ್ತಿಯ ಕಣಕ್ಕೆ ಕೆಮ್ಮಣ್ಣು ಹದ ಮಾಡುವಾಗ ಎಣ್ಣೆ, ಅರಿಶಿನ, ಮಜ್ಜಿಗೆ ಹೊತ್ತು ತಂದುಕೊಡುವುದು ಹುಡುಗಿಯ ಕೆಲಸವಾಗಿತ್ತು. ಗರಡಿಯ ಹೊಸಿಲು ದಾಟುವುದು ಮಾತ್ರ ಕೂಡದು. ಹೊಸಿಲ ಆಚೆ ನಿಂತು ಅವಳು ಎಲ್ಲ ಪಟ್ಟುಗಳನ್ನೂ ಕಣ್ಣಲ್ಲೇ ಕಲಿತಳು. ಕಲಿತು ಏನು ಮಾಡುವುದು, ಮದುವೆಯಾಗಿ ಹೊನ್ನಾಳಿಗೆ ಬಂದಳು. ಕಡೆಗೆ ಅರವತ್ತೆಂಟನೆಯ ವಯಸ್ಸಿನಲ್ಲಿ ಸೊಸೆ ಆಡಲು ಕರೆದಾಗ ಕೈಗೆ ಎರಡು ಕೋಲಿನ, ಹತ್ತು ಗುಂಡಿಯ ರಿಮೋಟು ಸಿಕ್ಕಿತು. ಆಟದಲ್ಲಿ ಆ ದಪ್ಪನೆಯ ಜಟ್ಟಿಗೆ ಬಾಯಿ ತಿರುಗದ ಯಾವುದೋ ಹೆಸರಿತ್ತು. ದ್ಯಾಮಮ್ಮನಿಗೆ ಅವನು ದಪ್ಪಯ್ಯ. ಕಲ್ಪನಾ ಆರಿಸಿಕೊಳ್ಳುತ್ತಿದ್ದ ಉದ್ದ ಜಡೆಯ ಹುಡುಗಿ ಜಡೆಯಾಕಿ. ಮೊದಲ ದಿನವೇ ದ್ಯಾಮಮ್ಮ ಒಂದು ಕಟ್ಟಳೆ ಮಾಡಿದಳು. ಗರಡಿಯ ಜಟ್ಟಿಗಳ ಹಾಗೆ ಮೊದಲು ಮಣ್ಣು ಮುಟ್ಟಿ ನಮಸ್ಕರಿಸದೆ ಯಾರೂ ಕೈ ಎತ್ತುವಂತಿಲ್ಲ. ಕೆಳಗಿನ ಗುಂಡಿ ಎರಡು ಸಲ ಒತ್ತಿದರೆ ದಪ್ಪಯ್ಯ ಕುಕ್ಕರಿಸಿ ಕೂತು ಏಳುತ್ತಿದ್ದ. ಜಡೆಯಾಕಿಯೂ ಹಾಗೆಯೇ. ಅದೇ ನಮಸ್ಕಾರ. ಜೊತೆಗೆ ದ್ಯಾಮಮ್ಮ ತಾನೂ ಬಗ್ಗಿ ನೆಲದ ಟೈಲ್ಸಿಗೆ ಬೆರಳು ತಾಗಿಸಿ ಹಣೆಗೆ ಒತ್ತಿಕೊಳ್ಳುತ್ತಿದ್ದಳು. ಎದುರಾಳಿ ಮಣ್ಣು ಮುಟ್ಟುವಾಗ ಹೊಡೆಯುವುದು ಎಂದರೆ ಊಟಕ್ಕೆ ಕೂತವರ ಎಲೆ ಎಳೆದ ಹಾಗೆ. ಇಷ್ಟು ವರ್ಷದಲ್ಲಿ ಇಬ್ಬರೂ ಒಮ್ಮೆಯೂ ಹಾಗೆ ಮಾಡಿರಲಿಲ್ಲ.

ಕ್ರಮೇಣ ಮನೆಯ ತಕರಾರುಗಳೆಲ್ಲ ಅಲ್ಲಿಗೇ ಬಂದವು. ಉಬ್ರಾಣಿಯ ನೆಂಟರ ನಾಮಕರಣಕ್ಕೆ ಹೋಗಬೇಕೋ ಬೇಡವೋ, ದೇವರ ಮನೆಗೆ ಬಾಗಿಲು ಇಡಿಸಬೇಕೋ, ಸಾರಿಗೆ ಬೆಲ್ಲ ಹಾಕಬೇಕೋ. ಮೂರರಲ್ಲಿ ಎರಡು ಗೆದ್ದವಳ ಮಾತು ನಡೆಯಬೇಕು. ಸೋತವಳು ಮುಖ ಊದಿಸಿಕೊಳ್ಳುವಂತಿಲ್ಲ. ಪ್ರವೀಣ ತನ್ನ ಮನೆಯಲ್ಲಿ ಅತ್ತೆ ಸೊಸೆ ಜಗಳವೇ ಇಲ್ಲ ಅಂತ ಅಂಗಡಿಯಲ್ಲಿ ಹೇಳಿಕೊಂಡು ಮೆರೆಯುತ್ತಿದ್ದ. ಪಾಪ. ಆದರೆ ಮೂರು ತಿಂಗಳ ಕೆಳಗೆ ಬಂದ ತಕರಾರು ಬೆಲ್ಲದ್ದಲ್ಲ. ಡಿಪ್ಲೊಮಾದಲ್ಲಿ ಜೊತೆಗೆ ಓದಿದ ರುಹೀನಾ ಚನ್ನಗಿರಿಯಲ್ಲಿ ಲ್ಯಾಬ್ ತೆರೆಯುವವಳಿದ್ದಳು. “ಬಾರೇ, ನಿನ್ನ ಕೈ ಹಗುರ ಐತೆ, ಸೂಜಿ ಚುಚ್ಚಿದ್ರೆ ಮಕ್ಕಳೂ ಅಳ್ತಿರ್ಲಿಲ್ಲ,” ಅಂದಿದ್ದಳು. ಆ ಮಾತು ಕೇಳಿ ಕಲ್ಪನಾ ಬಚ್ಚಲುಮನೆಗೆ ಹೋಗಿ ತನ್ನ ಕೈಯನ್ನು ತಾನೇ ತಿರುಗಿಸಿ ಮುರುಗಿಸಿ ನೋಡಿಕೊಂಡಿದ್ದಳು. ಹದಿನೆಂಟು ವರ್ಷದಿಂದ ಆ ಕೈ ಹಗುರವೆಂದು ಯಾರೂ ಹೇಳಿರಲಿಲ್ಲ. ಪ್ರವೀಣ “ಅವ್ವ ಹೂಂ ಅಂದ್ರೆ ಹೋಗು” ಅಂತ ಜಾರಿಕೊಂಡ. ಅವ್ವ ಉಹ್ಞೂಂ ಅಂದಳು. ಕಾರಣ ಹೇಳಲಿಲ್ಲ. ಬಸ್ಸು ಸರಿಯಿಲ್ಲ, ಸಾಸ್ವೆಹಳ್ಳಿ ರಸ್ತೆಯಲ್ಲಿ ಗುಂಡಿ, ಇವೆಲ್ಲ ಕಾರಣಗಳೇ ಅಲ್ಲ. ಕೊನೆಗೆ ದ್ಯಾಮಮ್ಮನೇ, “ಹೊಸ ಆಟ ಬರ್ತೈತೆ ಅಂದ್ಯಲ್ಲ? ಅದು ಬರ್ಲಿ. ಅದರಾಗೇ ಇದು ತೀರ್ಲಿ,” ಅಂದಳು. ಹಳೆಯ ಆಟದಲ್ಲಿ ಒಬ್ಬರ ಪಟ್ಟು ಇನ್ನೊಬ್ಬರಿಗೆ ಬಾಯಿಪಾಠವಾಗಿತ್ತು. ಇಷ್ಟು ದೊಡ್ಡ ಮಾತು ಅದರಲ್ಲಿ ತೀರುವುದು ನ್ಯಾಯವಲ್ಲ ಅಂತ ಇಬ್ಬರಿಗೂ ಅನ್ನಿಸಿತ್ತು. ಇವತ್ತು ಆಟ ಬಂದಿತ್ತು. ಇವತ್ತು ಸಂಜೆಯೊಳಗೆ ರುಹೀನಾಳಿಗೆ ಉತ್ತರ ಕೊಡಬೇಕಿತ್ತು.

ಅಡುಗೆ ಮಾಡುವಾಗ ಕಲ್ಪನಾಳ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಒಗ್ಗರಣೆ ಸೀದಿತು. ಅವಳನ್ನು ಕಾಡುತ್ತಿದ್ದದ್ದು ಒಂದು ವಿಡಿಯೋ. ಹೋದ ವಾರ ಚಪಾತಿ ಲಟ್ಟಿಸುತ್ತ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಹೊಸ ಆಟದ ಬಗ್ಗೆ ಯಾವನೋ ಹುಡುಗ ಹಿಂದಿಯಲ್ಲಿ ಕಿರುಚುತ್ತಿದ್ದುದನ್ನು ನೋಡಿದ್ದಳು. ಅದರಲ್ಲಿ ಗುಂಡಿಗಳ ಬಗ್ಗೆ ಅವನು ಏನೋ ಹೇಳಿದ್ದ. ಏನು? ಎರಡು ಸಲ, ಬೇಗ, ಅಂತೇನೋ. ಆಗ ದ್ಯಾಮಮ್ಮ ಅಡುಗೆಮನೆಗೆ ಬಂದಳು, ಇವಳು ಫೋನು ಬೋರಲು ಹಾಕಿದಳು. ಯಾಕೆ ಬೋರಲು ಹಾಕಿದೆ? ಅತ್ತೆಯನ್ನೂ ಕೂರಿಸಿ ತೋರಿಸಬಹುದಿತ್ತಲ್ಲ. ಪರೀಕ್ಷೆಗೆ ಮುಂಚೆ ಪ್ರಶ್ನೆಪತ್ರಿಕೆ ನೋಡಿದವಳ ಹಾಗೆ ಆಗಿತ್ತು, ಆಮೇಲೆ ಚಪಾತಿಯ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು. ಮರೆತಿತ್ತು ಅಂತಲೇ ಅವಳ ನಂಬಿಕೆ.

ಊಟವಾಯಿತು. ಡಿಸ್ಕ್ ಹಾಕಿದರೆ ಆಟ ಶುರುವಾಗಬೇಕು ತಾನೆ? ಇದು ಶುರುವಾಗಲಿಲ್ಲ. ಇಂಟರ್ನೆಟ್ ಕೇಳಿತು. ಫೋನಿನಿಂದ ಕೊಟ್ಟಳು. ಇಮೇಲ್ ಕೇಳಿತು. ಹುಟ್ಟಿದ ದಿನ ಕೇಳಿತು. “ನನ್ನದು ಕೇಳ್ತೈತೇನು? ಕಾರಹುಣ್ಣಿಮೆ ಹಿಂದಿನ ದಿನ ಅಂತ ಬರಿ,” ಅಂದಳು ದ್ಯಾಮಮ್ಮ. ಒಂದು ಪಟ್ಟಿ ನಿಧಾನವಾಗಿ ಎಡದಿಂದ ಬಲಕ್ಕೆ ತುಂಬುತ್ತ ಕೂತಿತು. ದ್ಯಾಮಮ್ಮ ಎಲೆಯಡಿಕೆ ಹಾಕಿ, ಉಗಿದು, ಬಾಯಿ ತೊಳೆದು ಬಂದರೂ ಅದು ತುಂಬಿರಲಿಲ್ಲ. ಕಡೆಗೂ ದಪ್ಪಯ್ಯ ಬಂದ. ಅವನ ಹೊಟ್ಟೆ ಇರಲಿಲ್ಲ. ಎಷ್ಟು ಚಂದದ ಹೊಟ್ಟೆ, ಅವನು ಕುಪ್ಪಳಿಸಿದರೆ ಅದೂ ಒಂದು ಗಳಿಗೆ ತಡವಾಗಿ ಕುಪ್ಪಳಿಸುತ್ತಿತ್ತು. ಈಗ ಅಲ್ಲಿ ಇಟ್ಟಿಗೆ ಜೋಡಿಸಿದ ಹಾಗೆ ಗಂಟುಗಳು, ಮೇಲೊಂದು ಚರ್ಮದ ಕೋಟು, ಕತ್ತರಿಸಿ ತಿದ್ದಿದ ಗಡ್ಡ.

“ಇವನ್ಯಾರೇ? ಸಕ್ಕರೆ ಕಾಯಿಲೆ ಬಂದೈತಾ ಇವನಿಗೆ?” ಅಂದಳು ದ್ಯಾಮಮ್ಮ, ನಿಜವಾದ ಕಳವಳದಿಂದ.

“ನನ್ನಾಕಿ ನೋಡ್ರಿ ಅತ್ತೆ, ಜಡೆನೇ ಇಲ್ಲ!”

“ಅಯ್ಯೋ ಶಿವನೇ. ಯಾರು ಕತ್ತರಿಸಿದ್ರು? ಹುಡುಗೀನ ಒಂದು ಮಾತು ಕೇಳಿದ್ರೋ ಇಲ್ವೋ!”

ಇಬ್ಬರೂ ನಕ್ಕರು, ಆದರೆ ಕಲ್ಪನಾಳಿಗೆ ಅಳು ಬಂದಂತೆಯೂ ಆಯಿತು. ಮೂರು ತಿಂಗಳಿಂದ ಕಾದದ್ದು ಇದಕ್ಕಾ? ನೆಲವೂ ಮಣ್ಣಿನದಲ್ಲ, ಕೆಳಗಿನಿಂದ ನೀಲಿ ದೀಪ ಹಾಕಿದ ಗಾಜು. ಸುತ್ತ ನಿಂತ ಜನ ಕೂಗುತ್ತಿರಲಿಲ್ಲ, ಫೋನು ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದರು. ಹಳೆಯದರಲ್ಲಿ ಗೋಡೆಯ ಮೂಲೆಯಲ್ಲಿ ಒಂದು ನಾಯಿ ಮಲಗಿರುತ್ತಿತ್ತು, ಯಾರಾದರೂ ಧೊಪ್ಪನೆ ಬಿದ್ದರೆ ತಲೆ ಎತ್ತಿ ನೋಡಿ ಮತ್ತೆ ಮಲಗುತ್ತಿತ್ತು. ಆ ನಾಯಿಯೂ ಇಲ್ಲ. ಬೇಡ ಅಂದುಬಿಡಲೇ, ಎಂದುಕೊಂಡಳು. ಅಷ್ಟರಲ್ಲಿ ತೆರೆಯ ಮೇಲೆ ‘ಫೈಟ್’ ಅಂತ ಬಂತು. ದ್ಯಾಮಮ್ಮ ಬಗ್ಗಿ ಟೈಲ್ಸು ಮುಟ್ಟಿ ಹಣೆಗೆ ಒತ್ತಿಕೊಂಡು, ಕೆಳಗಿನ ಗುಂಡಿಯನ್ನು ಒಮ್ಮೆ ಒತ್ತಿ, ಬಿಟ್ಟು, ನಿಧಾನ ಇನ್ನೊಮ್ಮೆ ಒತ್ತಿದಳು. ದಪ್ಪಯ್ಯ ಕುಕ್ಕರಿಸಿದ. ಕಲ್ಪನಾಳ ಹೆಬ್ಬೆರಳು ರೂಢಿಯಂತೆ ಟಪಟಪ ಅಂತ ಎರಡು ಸಲ ಒತ್ತಿತು. ಜಡೆಯಿಲ್ಲದ ಜಡೆಯಾಕಿ ಕುಕ್ಕರಿಸಲಿಲ್ಲ. ಮೈಯೆಲ್ಲ ಕೆಂಡದ ಬೆಳಕಾಗಿ ಮೇಲಕ್ಕೆ ನೆಗೆದಳು, ತಲೆ ತಗ್ಗಿಸಿ ಕೂತಿದ್ದ ದಪ್ಪಯ್ಯನ ಕತ್ತಿನ ಮೇಲೆ ಎರಡೂ ಮಂಡಿ ಊರಿ ಇಳಿದಳು. ಗಾಜು ಒಡೆಯಿತು. ಒಂದೇ ಪೆಟ್ಟು. ತೆರೆ ತುಂಬ ಬಂಗಾರದ ಅಕ್ಷರ, ಪಟಾಕಿ, ಜೊತೆಗೆ ಈ ಪೆಟ್ಟನ್ನು ಸ್ನೇಹಿತರಿಗೆ ಕಳಿಸುತ್ತೀರಾ ಎಂಬ ಪ್ರಶ್ನೆ.

ದ್ಯಾಮಮ್ಮನ ಬೆರಳು ಇನ್ನೂ ಕೆಳಗಿನ ಗುಂಡಿಯ ಮೇಲೆಯೇ ಇತ್ತು. “ಮಣ್ಣು ಮುಟ್ಟುವಾಗ ಹೊಡೆದೆಯಲ್ಲೇ,” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

“ಅತ್ತೆ, ನಾನಲ್ಲ, ಅದೇ… ನಮಸ್ಕಾರದ ಗುಂಡಿನೇ ಬದಲಾಯಿಸ್ಯಾರ…”

“ಇರ್ಲಿ ಬಿಡು. ಗೆದ್ದದ್ದು ಗೆದ್ದದ್ದೇ. ಇನ್ನ ಎರಡು ಆಡಾಕೆ ನನ್ನ ಕೈಲಾಗಲ್ಲ. ಹೋಗು ಚನ್ನಗಿರಿಗೆ.” ಎದ್ದು, ಮಂಡಿ ಹಿಡಿದುಕೊಂಡು, ಹಿತ್ತಲಿಗೆ ಹೋಗಿ ಒಣಮೆಣಸಿನಕಾಯಿ ತೊಟ್ಟು ಮುರಿಯಲು ಕೂತಳು.

ಬೇಕಾದದ್ದು ಸಿಕ್ಕಿತ್ತು. ಫೋನು ಕೈಯಲ್ಲೇ ಇತ್ತು. ರುಹೀನಾಳ ಹೆಸರು ಒತ್ತಿದರೆ ಮುಗಿಯಿತು. ಸೋಮವಾರದಿಂದ ಬಿಳಿ ಕೋಟು, ಹಗುರ ಕೈ. ಕಲ್ಪನಾ ಒತ್ತಲಿಲ್ಲ. ತನ್ನ ಹೆಬ್ಬೆರಳನ್ನೇ ನೋಡುತ್ತ ಕೂತಳು. ಆ ಹುಡುಗ ಹಿಂದಿಯಲ್ಲಿ ಕಿರುಚಿದ್ದು ಈಗ ಪೂರ್ತಿ ನೆನಪಾಯಿತು: ಕೆಳಗಿನ ಗುಂಡಿ ಎರಡು ಸಲ ಬೇಗ ಒತ್ತಿದರೆ ಕೊಲ್ಲುವ ಪೆಟ್ಟು. ಅದನ್ನೇ ಅವನು ಹೇಳಿದ್ದು. ಹಾಗಾದರೆ ನನಗೆ ಗೊತ್ತಿತ್ತು. ಇಲ್ಲ, ಮರೆತಿದ್ದೆ. ನಾನು ಮರೆತಿದ್ದೆ, ಬೆರಳು ಮರೆತಿತ್ತಾ? ಬೆರಳಿಗೆ ಚನ್ನಗಿರಿಗೆ ಹೋಗುವ ಆಸೆ ನನಗಿಂತ ಜಾಸ್ತಿ ಇತ್ತಾ? ಇನ್ನೊಂದು ನೆನಪಾಗಿ ಅವಳ ಕಿವಿ ಬಿಸಿಯಾಯಿತು. ಅತ್ತೆ ನಿಧಾನ ಒತ್ತಿದಳು, ಆದ್ದರಿಂದ ದಪ್ಪಯ್ಯ ಕೂತ. ನಾನು ಟಪಟಪ ಒತ್ತಿದೆ. ಮೊದಮೊದಲು ನಾನೂ ನಿಧಾನವೇ ಒತ್ತುತ್ತಿದ್ದೆನಲ್ಲ. ಯಾವಾಗಿನಿಂದ ಅದು ಟಪಟಪ ಆಯಿತು? ಅತ್ತೆ ಕರೆದರೆ ‘ಬಂದೆ ಬಂದೆ’ ಅನ್ನುವ ಹಾಗೆ, ಕಾಲಿಗೆ ಬೀಳುವಾಗ ಅರ್ಧಕ್ಕೇ ಏಳುವ ಹಾಗೆ. ನೀಲಿ ಗಾಜಿನ ಮೇಲೆ ಜಡೆಯಿಲ್ಲದ ಹುಡುಗಿ ಒಬ್ಬಳೇ ಗೆದ್ದು ಕುಣಿಯುತ್ತಿದ್ದಳು, ನಿಲ್ಲಿಸುವ ಲಕ್ಷಣ ಇರಲಿಲ್ಲ. ಕಲ್ಪನಾ ಟಿವಿಯ ಸ್ವಿಚ್ಚನ್ನೇ ಆರಿಸಿ, ಡಿಸ್ಕ್ ತೆಗೆದುಕೊಂಡು, ಈ ಸಲ ಸೊಪ್ಪುಗಿಪ್ಪು ಏನೂ ಮುಚ್ಚದೆ ಕೈಯಲ್ಲಿ ಹಿಡಿದು ಹೊರಟಳು.

ಸುಹೈಲನ ಅಂಗಡಿಯ ಟಿವಿಯಲ್ಲಿ ಅವಳ ಹಳೆಯ ಆಟವೇ ಓಡುತ್ತಿತ್ತು. ಮೂಲೆಯಲ್ಲಿ ನಾಯಿ ಮಲಗಿತ್ತು. ಅದನ್ನು ನೋಡಿ ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಕೌಂಟರಿನ ಮೇಲೆ ಕೈ ಊರಿ ನಿಂತುಬಿಟ್ಟಳು. “ಮಗಳಿಗೆ ಹಿಡಿಸ್ಲಿಲ್ವಾ ಅಕ್ಕಾ?” ಅಂದ ಸುಹೈಲ್, ಗುಂಡಿ ಒತ್ತುತ್ತಲೇ.

“ಮಗಳಿಗಲ್ಲಪ್ಪ. ನಂಗೂ ನಮ್ಮತ್ತೆಗೂ.” ಹೇಳಿದ ಮೇಲೆ ಏನೂ ಆಗಲಿಲ್ಲ. ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. “ದಪ್ಪಯ್ಯನ ಹೊಟ್ಟೆ ಕರಗಿಸಿ ಹಾಳು ಮಾಡ್ಯಾರ. ಮಣ್ಣು ಮುಟ್ಟಾಕೆ ಜಾಗ ಇಲ್ಲ. ಹಳೇದು ವಾಪಸ್ ಕೊಡು.”

ಸುಹೈಲ್ ಆಟ ನಿಲ್ಲಿಸಿ ಅವಳನ್ನು ನೋಡಿದ. ನಗುತ್ತಾನೆ ಅಂದುಕೊಂಡಳು. “ಯಾರು ಗೆಲ್ಲೋದು ಅಕ್ಕಾ?” ಅಂತ ಕೇಳಿದ, ಬಹಳ ಗಂಭೀರವಾಗಿ. “ಜಾಸ್ತಿ ಅವರೇ,” ಅಂದಳು. “ಹೌದಾ!” ಅಂತ ಅವನು ಡಿಸ್ಕ್ ತೆಗೆದು ಒರೆಸಿ ಕೊಟ್ಟ. “ತಗೊಂಡು ಹೋಗ್ರಿ. ಹೊಸದು ಬರೀ ಬಣ್ಣ. ನಾನೂ ಎಲ್ಡೇ ದಿನಕ್ಕೆ ಸಾಕು ಮಾಡ್ದೆ.” ಹಾಗಾದರೆ ಬೆಳಿಗ್ಗೆ ಯಾಕಪ್ಪ ಹೇಳಲಿಲ್ಲ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಬೆಳಿಗ್ಗೆ ಅವಳು ಅದನ್ನು ಮಗಳಿಗೆ ತಾನೆ ಒಯ್ದದ್ದು.

ಹಿತ್ತಲಲ್ಲಿ ಮೆಣಸಿನಕಾಯಿಯ ಘಾಟು. ದ್ಯಾಮಮ್ಮ ಕಣ್ಣು ಒರೆಸಿಕೊಳ್ಳುತ್ತಿದ್ದಳು, ಘಾಟಿಗೋ ಏನೋ. “ಅತ್ತೆ, ಏಳ್ರಿ. ಹಳೇದು ತಂದೀನಿ. ಮಧ್ಯಾಹ್ನದ್ದು ಲೆಕ್ಕಕ್ಕಿಲ್ಲ,” ಅಂದಳು ಕಲ್ಪನಾ.

“ಲೆಕ್ಕಕ್ಕೆ ಯಾಕಿಲ್ಲ?”

“ಆ ಪೆಟ್ಟು ನಂಗೆ ಗೊತ್ತಿತ್ತು ರೀ. ವಿಡಿಯೋದಾಗೆ ನೋಡಿದ್ದೆ. ಮರೆತಿದ್ದೆ ಅನ್ಕೊಂಡೀನಿ, ಆದ್ರೆ ಬೇಕಂತನೇ ಹೊಡೆದ್ನೇನೋ. ನಂಗೇ ತಿಳೀವಲ್ದು.”

ದ್ಯಾಮಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಬೇಕಂತ ಹೊಡೆದಿದ್ರೆ ಗುರಿ ತಪ್ಪಿರೋದು,” ಅಂದಳು. “ಇಷ್ಟು ವರ್ಷದಾಗೆ ನೀನು ಬೇಕಂತ ಹೊಡೆದ ಒಂದು ಪೆಟ್ಟಾದ್ರೂ ನೆಟ್ಟಗೆ ಬಿದ್ದೈತೇನು? ದೊಡ್ಡದಾಗಿ ಹೇಳಾಕೆ ಬಂದ್ಲು. ಕೈ ಕೊಡು, ಮಂಡಿ ಹಿಡ್ಕೊಂಡೈತೆ.” ಕಲ್ಪನಾ ಕೈ ಕೊಟ್ಟು ಎಬ್ಬಿಸಿದಳು. ನಗುವೂ ಅಳುವೂ ಒಟ್ಟಿಗೆ ಬಂದು ಅಕ್ಷೀ ಅಂತ ಸೀನಿದಳು. ಮೆಣಸಿನಕಾಯಿಯದೇ ಇರಬೇಕು.

ಹಳೆಯ ಆಟ ಏನನ್ನೂ ಕೇಳಲಿಲ್ಲ, ಹಾಕಿದ ಕೂಡಲೆ ಬಂತು. ಹೊಟ್ಟೆಯ ದಪ್ಪಯ್ಯ, ಜಡೆಯ ಜಡೆಯಾಕಿ, ಕೆಮ್ಮಣ್ಣಿನ ನೆಲ, ನಾಯಿ. ದ್ಯಾಮಮ್ಮ ಟೈಲ್ಸು ಮುಟ್ಟಿದಳು. ಕಲ್ಪನಾ ಕೂಡ ಬಗ್ಗಿ ಮುಟ್ಟಿದಳು, ಮೊದಲ ಸಲ, ಟೈಲ್ಸು ತಣ್ಣಗಿತ್ತು. ಗುಂಡಿಯನ್ನು ಒಮ್ಮೆ ಒತ್ತಿ, ಬಿಟ್ಟು, ನಿಧಾನ ಇನ್ನೊಮ್ಮೆ ಒತ್ತಿದಳು. ಇಬ್ಬರೂ ಎದುರುಬದುರು ಕುಕ್ಕರಿಸಿದರು. ಆದರೆ ದಪ್ಪಯ್ಯ ಏಳಲಿಲ್ಲ. ದ್ಯಾಮಮ್ಮನ ಹೆಬ್ಬೆರಳು ಗುಂಡಿಯನ್ನು ಒತ್ತಿ ಹಿಡಿದೇ ಇತ್ತು.

“ಏಳ್ರಿ ಅತ್ತೆ.”

“ತಡಿ. ನೀನೂ ಕೆಳಗೇ ಇರು.” ಕಣ್ಣು ಟಿವಿಯ ಮೇಲೆಯೇ ಇತ್ತು. ತೆರೆಯ ಮೇಲ್ಗಡೆ ಆಟದ ಸಮಯದ ಅಂಕಿ ಇಳಿಯುತ್ತಿತ್ತು. “ಬಸ್ಸು, ರಸ್ತೆ ಅಂತ ಏನೇನೋ ಅಂದೆ ನಾನು. ಅದೆಲ್ಲ ಸುಳ್ಳು. ಸಣ್ಣಾಕಿದ್ದಾಗ ಎಣ್ಣೆ ಗಿಂಡಿ ಹಿಡ್ಕೊಂಡು ಹೊಸಿಲ ಆಚೆ ನಿಂತಿರ್ತಿದ್ದೆ. ನೋಡ್ತಿದ್ದೆ ಅಷ್ಟೇ. ಒಂದ್ಸಲ ಒಳಗೆ ಕರೀಲಿ ಅಂತ. ಯಾರೂ ಕರೀಲಿಲ್ಲ. ಬಾ ಆಡು ಅಂತ ಕರೆದಾಕಿ ನೀನೊಬ್ಬಳೇ.” ಗುಂಡಿ ಬಿಡದೆಯೇ ಹೇಳಿದಳು: “ನೀನು ಹೋದ್ರೆ ಮಧ್ಯಾಹ್ನ ಯಾರ ಕೂಡ ಹೊಡೆದಾಡ್ಲಿ ನಾನು?”

ಕಲ್ಪನಾಳಿಗೆ ಇಷ್ಟೇನಾ, ಅನ್ನಿಸಿತು, ಇಷ್ಟು ದೊಡ್ಡದಾ, ಅಂತಲೂ ಅನ್ನಿಸಿತು. ಹೊಸಿಲ ಆಚೆ ನಿಂತು ನೋಡುವುದು ಅಂದರೆ ಏನು ಅಂತ ಅವಳಿಗೂ ಗೊತ್ತಿತ್ತು. ರಮ್ಯಶ್ರೀಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗಲೆಲ್ಲ ಲ್ಯಾಬಿನ ಕಿಟಕಿಯ ಹತ್ತಿರ ನಿಂತು, ಒಳಗೆ ಯಾರೋ ಹುಡುಗಿ ಸೂಜಿ ಹಿಡಿದ ರೀತಿ ನೋಡಿ, ಹೀಗಲ್ಲ, ಸ್ವಲ್ಪ ಓರೆ ಹಿಡಿಯಬೇಕು, ಎಂದುಕೊಳ್ಳುತ್ತಿದ್ದಳು. ಅದನ್ನು ಹೇಳಲು ಹೊರಟು, “ನಂಗೂ ಒಳಗೆ ಹೋಗಾಕೆ ಆಸೆ ಐತೆ ಅತ್ತೆ,” ಅಂದಳು. ಅಷ್ಟೇ ಬಂತು ಬಾಯಿಗೆ.

ಅಂಕಿ ಸೊನ್ನೆಯಾಯಿತು. ಒಬ್ಬರಿಗೂ ಒಂದು ಗೀರೂ ಬಿದ್ದಿರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಆಟ ಇಬ್ಬರೂ ಸೋತರೆಂದು ತೋರಿಸಿತು. ದಪ್ಪಯ್ಯ, ಜಡೆಯಾಕಿ ಒಟ್ಟಿಗೆ ತಲೆ ತಗ್ಗಿಸಿ ನಿಂತರು. ನಾಯಿ ತಲೆಯನ್ನೂ ಎತ್ತಲಿಲ್ಲ.

“ಭಾನುವಾರ ರಜೆ ಐತೇನು ಆ ಲ್ಯಾಬಿಗೆ?” ಅಂದಳು ದ್ಯಾಮಮ್ಮ.

“ಐತೆ ರೀ.”

“ಎಷ್ಟೊತ್ತಿಗೆ ಬರ್ತಿ ದಿನಾ?”

“ಐದೂವರೆ ಬಸ್ಸಿಗೆ ಹತ್ತಿದ್ರೆ ದೀಪ ಹಚ್ಚೋ ಹೊತ್ತಿಗೆ ಇಲ್ಲಿರ್ತೀನಿ.”

“ಹಂಗಾದ್ರೆ ದೀಪ ಹಚ್ಚಿದ ಮೇಲೆ ಒಂದು ಆಟ. ಭಾನುವಾರ ಊಟ ಆದಮೇಲೆ ಸಾಕು ಅನ್ನೋ ಮಟ. ತಪ್ಪಿಸಿದ್ರೆ ಸುಮ್ಮನಿರಾಕಿ ಅಲ್ಲ ನಾನು. ಮಾಡು ಫೋನು.” ಆಮೇಲೆ ದನಿ ಬದಲಾಯಿಸಿ, “ಮೊದಲು ಇದಕ್ಕೆ ಮಣ್ಣು ಮುಟ್ಟು. ಎರಡನೇದು ಬಂತು ನೋಡು,” ಅಂದಳು.

ಕಲ್ಪನಾ ಒಂದು ಕೈಯಲ್ಲಿ ಫೋನು ಕಿವಿಗೆ ಹಿಡಿದು ಇನ್ನೊಂದು ಕೈಯಿಂದ ಗುಂಡಿ ಒತ್ತಿದಳು, ನಿಧಾನವಾಗಿಯೇ. ಇಬ್ಬರೂ ಕುಕ್ಕರಿಸಿ ಎದ್ದರು. ಇನ್ನು ಯಾವ ತಕರಾರೂ ಇರಲಿಲ್ಲ ನಿಜ. ಆದರೆ ಮಣ್ಣು ಮುಟ್ಟಿ ಆಗಿತ್ತಲ್ಲ. ರುಹೀನಾ “ಹೇಳೇ” ಅನ್ನುವುದಕ್ಕೂ ದಪ್ಪಯ್ಯ ಜಡೆಯಾಕಿಯ ಸೊಂಟಕ್ಕೆ ಕೈ ಹಾಕುವುದಕ್ಕೂ ಸರಿಹೋಯಿತು.

“ಸೋಮವಾರದಿಂದ ಬರ್ತೀನಿ ಕಣೇ!” ಕಲ್ಪನಾ ಕೂಗಿದಳು.

“ಯಾ ಅಲ್ಲಾ! ನಿಮ್ಮತ್ತೆ ಒಪ್ಪಿದ್ರಾ? ಏನದು ಸದ್ದು? ಯಾಕೆ ಹಂಗೆ ಏದುಸಿರು ಬಿಡ್ತಿದೀಯಾ?”

“ಆಮೇಲೆ ಹೇಳ್ತೀನಿ, ಇಡೇ ಫೋನು. ಗೇಮ್ ಆಡ್ತಿದೀವಿ,” ಅಂದಳು ಕಲ್ಪನಾ, ಎರಡೂ ಕೈಯಲ್ಲಿ ರಿಮೋಟು ಹಿಡಿದು. “ಅತ್ತೆ ನನ್ನ ಎತ್ತಿ ಒಗೀತಿದಾರೆ.”

ಮೂಲೆಯಲ್ಲಿ ನಾಯಿ ತಲೆ ಎತ್ತಿ ನೋಡಿತು.